'ಸರ್ವರ್ ಡೌನ್' ಎಂಬ ಮಹಾವಾಕ್ಯದ ಪ್ರಾಮಾಣ್ಯ ವಿಚಾರ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಾಲ್ಕು ಕ್ಷೇತ್ರಗಳಲ್ಲಿ ಪಹಣಿ ಪ್ರಿಂಟ್ ತೆಗೆದುಕೊಡುವ ಜೆರಾಕ್ಸ್ ಅಂಗಡಿಗಳೇ ಈಗಿನ ತರ್ಕಪೀಠಗಳು. ಅಲ್ಲಿ ದಿನವೂ ಕೇಳಿಬರುವ, ಮೊದಲು ಹೇಳಿದವರಾರೆಂದು ತಿಳಿಯದ, ಆದಕಾರಣ ಅಪೌರುಷೇಯವೆನ್ನಲೇಬೇಕಾದ ವಾಕ್ಯವೊಂದಿದೆ: "ಸರ್ವರ್ ಡೌನ್ ಐತೆ, ನಾಳೆ ಬಾರಜ್ಜ." ಅಜ್ಜ ಮರುಮಾತಾಡದೆ ಟವೆಲ್ ಕೊಡವಿ ಎದ್ದು ಹೋಗುತ್ತಾನೆ. ಶಬ್ದಪ್ರಮಾಣಕ್ಕೆ ಇಷ್ಟು ಗಟ್ಟಿ ನಿದರ್ಶನ ಮೀಮಾಂಸಕರಿಗೂ ಸಿಕ್ಕಿರಲಿಕ್ಕಿಲ್ಲ.

ಪೂರ್ವಪಕ್ಷದ ವ್ಯಾಪ್ತಿ ಹೀಗೆ: ಎಲ್ಲೆಲ್ಲಿ ಪೇಜು ತೆರೆಯದೋ ಅಲ್ಲಲ್ಲಿ ಸರ್ವರ್ ಡೌನು. ಪಕ್ಕದಂಗಡಿಯಲ್ಲಿ ಅದೇ ಹೊತ್ತಿಗೆ ಪಹಣಿ ಸರಸರ ಪ್ರಿಂಟಾಗುತ್ತಿರುವುದರಿಂದ ಇದಕ್ಕೆ ವ್ಯಭಿಚಾರ ದೋಷ ತಗಲುತ್ತದೆ. 'ಅವರಿಗೆ ಒಳಗೆ ಗುರ್ತಿನವರಿದ್ದಾರೆ' ಎಂಬ ಸಮಾಧಾನವನ್ನು ಶಾಸ್ತ್ರ ಒಪ್ಪದು.

ಇನ್ನು ಪೇಜು ತೆರೆಯದ ಅಂಗಡಿಯ ಯಂತ್ರದ ಲಕ್ಷಣ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಕೈಯೆತ್ತಿತು. 11ನೆಯದು ಹಳೆಯ ಡಬ್ಬವನ್ನು ಹತ್ತಿರ ಸೇರಿಸದು. ಆಗ ಗತಿ ಪಪ್ಪಿ ಲಿನಕ್ಸ್. 2003ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಕೌಲರ್ ಇದನ್ನು ಕಟ್ಟಿ, ತಮ್ಮ ಚಿವಾವಾ ನಾಯಿಯ ಹೆಸರಿಟ್ಟರು. ಕೆಲವೇ ನೂರು ಎಂಬಿಯ ಈ ಮರಿ ಇಡಿಯಾಗಿ ರ್‍ಯಾಮ್‌ಗೆ ಹತ್ತಿ ಕೂರುತ್ತದೆ. ಈ ಮಾತು ಮುಂದೆ ಬೇಕಾಗುತ್ತದೆ.

ದೋಷ ಎಲ್ಲಿದೆ ಎಂಬಲ್ಲಿ ನಾಲ್ಕು ಪಂಥಗಳು. ಸೂಳೆಕೆರೆಯ ನೀರುಂಡ ಚನ್ನಗಿರಿ ಪಂಥದವರು ಮೊದಲು ತೂಬು ನೋಡು ಎನ್ನುತ್ತಾರೆ: ವೈಫೈ ಬಟನ್ ಆಫ್ ಆಗಿದೆಯೇ, ಅದನ್ನು ತಿಳಿಸುವ ಆರ್‌ಎಫ್‌ಕಿಲ್ ಏನೆನ್ನುತ್ತದೆ? ಮುಕ್ಕಾಲು ಜಗಳ ಇಲ್ಲಿಗೇ ಮುಗಿಯುತ್ತದೆ, ಆದರೆ ಮುಗಿದರೆ ಪ್ರಬಂಧಕ್ಕೆ ಕೆಲಸವಿಲ್ಲ. ಮಳೆ ಕಾದು ಪಳಗಿದ ಜಗಳೂರು ಪಂಥ ಡಿಎಚ್‌ಸಿಪಿವಾದಿ. ಯಂತ್ರ 'ಯಾರಾದರೂ ನನಗೊಂದು ವಿಳಾಸ ಕೊಡಿ' ಎಂದು ಕೂಗುತ್ತದೆ, ರೌಟರ್ ಕೊಡಬೇಕು. ಕೊಡದಿದ್ದರೆ ಕೆಲವು ಯಂತ್ರಗಳು 169.254ರಿಂದ ಶುರುವಾಗುವ ನಂಬರೊಂದನ್ನು ತಾವೇ ಇಟ್ಟುಕೊಳ್ಳುತ್ತವೆ; ಸೈಟು ಮಂಜೂರಾಗದವನು ತನ್ನ ಹಕ್ಕುಪತ್ರವನ್ನು ತಾನೇ ಬರೆದುಕೊಂಡ ಹಾಗೆ. ಆ 169.254 ಕಂಡರೆ ವಾದ ನಿಲ್ಲಿಸಿ ರೌಟರ್ ಕಡೆ ನಡೆಯತಕ್ಕದ್ದು.

ತುಂಗಭದ್ರೆಯ ದಡದ ಹೊನ್ನಾಳಿಯವರು ಪಿಂಗ್‌ಪ್ರಿಯರು. ಇವರಲ್ಲೊಂದು ಅದ್ವೈತ ಶಾಖೆಯುಂಟು: 127.0.0.1ಕ್ಕೆ ಪಿಂಗ್ ಕೊಟ್ಟು, ಉತ್ತರ ಬಂತೆಂದು ಹಿಗ್ಗುತ್ತದೆ. ಅದು ಯಂತ್ರ ತನ್ನನ್ನೇ ಕರೆದು ತಾನೇ ಓಗೊಟ್ಟದ್ದು. ಕೇಬಲ್ ಕಿತ್ತಿಟ್ಟರೂ ಬರುತ್ತದೆ. ದ್ವೈತಿಗಳು ರೌಟರನ್ನೂ, ಆಮೇಲೆ ಗೂಗಲ್ಲಿನ 8.8.8.8ನ್ನೂ ಕರೆಯುತ್ತಾರೆ. ಎರಡೂ ಓಗೊಟ್ಟು, ಹೆಸರು ಹೊಡೆದಾಗ ಮಾತ್ರ ಪೇಜು ಬಾರದಿದ್ದರೆ ಪೀಠ ನ್ಯಾಮತಿಯವರದು. ಇವರ ಪ್ರಕಾರ ಕೇಡೆಲ್ಲ ಹೆಸರಿನದು, ಅಂದರೆ ಡಿಎನ್‌ಎಸ್‌ನದು. ರೆಸಾಲ್ವ್ ಡಾಟ್ ಕಾನ್ಫ್ ಎಂಬ ಫೈಲಿನಲ್ಲಿ ನೇಮ್‌ಸರ್ವರ್ ಸಾಲು ಇಲ್ಲದಿರುವುದೇ ಹೇತು. ಡಿಎನ್‌ಎಸ್ಸನ್ನು ಪಾಲ್ ಮೊಕಪೆಟ್ರಿಸ್ ರೂಪಿಸಿದ್ದು 1983ರಲ್ಲಿ, ಪಿಂಗ್ ಅನ್ನು ಮೈಕ್ ಮೂಸ್ ಬರೆದದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಗೊಂದಲವೂ ಅದನ್ನು ಹಿಡಿಯುವ ಉಪಾಯವೂ ಅವಳಿಗಳೆಂಬುದು ಪ್ರಬಂಧಕಾರನ ಸ್ವಂತ ಸಂಶೋಧನೆ; ಪಿಎಚ್‌ಡಿಗೆ ಸಾಲದು.

ನಾಲ್ಕೂ ಪಂಥ ಸೋತಲ್ಲಿ ಸಿದ್ಧಾಂತ ಶುರು. ಪಿಂಗ್ ಸರಿ, ಹೆಸರೂ ಸರಿ, ಬ್ರೌಸರ್ ಮಾತ್ರ 'ಈ ತಾಣ ಸುರಕ್ಷಿತವಲ್ಲ' ಎನ್ನುತ್ತದೆ. ಪರದೆಯ ಮೂಲೆಯ ಗಡಿಯಾರ ನೋಡಿ: 2009. ಮದರ್‌ಬೋರ್ಡಿನ ಬಟನ್ ಸೆಲ್ಲು ಸತ್ತಿದೆ. ಭದ್ರತಾ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಆಯುಸ್ಸಿರುವುದರಿಂದ, ಈ ಯಂತ್ರದ ಲೆಕ್ಕಕ್ಕೆ ಅದಿನ್ನೂ ಹುಟ್ಟೇ ಇಲ್ಲ. ಹುಟ್ಟದ್ದು ಅದೊಂದೇ ಅಲ್ಲ. 2009ರಲ್ಲಿ ನ್ಯಾಮತಿ ತಾಲ್ಲೂಕಾಗಿರಲಿಲ್ಲ, ಹೊನ್ನಾಳಿಯೊಳಗಿತ್ತು. ಗಡಿಯಾರ 1997ರ ಆಗಸ್ಟ್ 15ಕ್ಕಿಂತ ಹಿಂದೆ ಸರಿದರೆ ದಾವಣಗೆರೆ ಜಿಲ್ಲೆಯೇ ಇಲ್ಲ. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ, ಜಗಳೂರು ಚಿತ್ರದುರ್ಗಕ್ಕೆ. ಲಿನಕ್ಸಿನ ಕಾಲಗಣನೆ ಮೊದಲಾಗುವ 1970ರ ಜನವರಿ 1ಕ್ಕೆ ಹೋಗಿ ಬಿದ್ದರಂತೂ ಅಜ್ಜ ಮೈಸೂರು ರಾಜ್ಯದ ಪ್ರಜೆ. ಕರ್ನಾಟಕವೆಂಬ ಹೆಸರು ಬರಲು 1973ರ ನವೆಂಬರ್ ಆಗಬೇಕು. ಅಂಥ ಕಾಲದಲ್ಲಿ ಆನ್‌ಲೈನ್ ಪಹಣಿ ಕೇಳುವುದು ಅಜ್ಜನದೇ ಅತಿಯಾಸೆ. ಪರಿಹಾರ: ಸಿಆರ್ 2032 ಎಂಬ, 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪದ ಬಿಲ್ಲೆ. ವಾಚ್ ರಿಪೇರಿಯವನಲ್ಲಿ ಸಿಗುತ್ತದೆ.

ಬಿಲ್ಲೆ ಹಾಕಿ, ತಾರೀಖು ತಿದ್ದಿ, ಡಿಎನ್‌ಎಸ್ ಸಾಲು ಬರೆದರೆ ಪಹಣಿ ಬಂತು. ಸಂಜೆ ಯಂತ್ರ ಆರಿಸುವಾಗ ಪಪ್ಪಿ ಕೇಳುತ್ತದೆ: ಇವತ್ತಿನದನ್ನು ಉಳಿಸಲೇ? ಕೊನೆಯ ಬಸ್ಸಿನ ಅವಸರದಲ್ಲಿ ಅಂಗಡಿಯ ಹುಡುಗ ಬೇಡವೆಂದು ಒತ್ತುತ್ತಾನೆ. ಎಲ್ಲವೂ ರ್‍ಯಾಮ್‌ನಲ್ಲಿದ್ದ ಕಾರಣ ಬೆಳಿಗ್ಗೆ ಬಿಲ್ಲೆ, ಅದು ಹಿಡಿದಿಟ್ಟ ತಾರೀಖುಗಳ ಹೊರತು ಏನೂ ಉಳಿದಿರುವುದಿಲ್ಲ, ವೈಫೈ ಪಾಸ್‌ವರ್ಡ್ ಸಹ. ಭಾಷ್ಯಕಾರರಲ್ಲಿ ಕೆಲವರು ಇದನ್ನು ದೋಷವೆಂದರು, ಕೆಲವರು ವೈರಾಗ್ಯವೆಂದರು. 'ಉಳಿಸು' ಎಂದೊತ್ತಿ, ಆ ಸೇವ್‌ಫೈಲ್ ಪೆನ್‌ಡ್ರೈವಿನಲ್ಲಿದ್ದು, ಆ ಪೆನ್‌ಡ್ರೈವನ್ನು ಟ್ರ್ಯಾಕ್ಟರಿಗೆ ಹಾಡು ತುಂಬಿಸಲು ಭಾವಮೈದುನ ಫಾರ್ಮ್ಯಾಟ್ ಮಾಡಿದ ಪ್ರಸಂಗಕ್ಕೆ ಮಾತ್ರ ಯಾವ ಪಂಥದಲ್ಲೂ ಪ್ರಾಯಶ್ಚಿತ್ತ ಹೇಳಿಲ್ಲ.