ದೂರು ಬರೆಯುವ ಹನ್ನೊಂದು ಮಂದಿಗೆ ಬಹಿರಂಗ ಪತ್ರ

ಇವರಿಗೆ,
ಅಮೆರಿಕದ ಶಾಲಾ ಪುಸ್ತಕಗಳ ಮೇಲೆ ದೂರು ಬರೆಯುವ ಹನ್ನೊಂದು ಮಹನೀಯರು

ವಿಷಯ: ಪುಸ್ತಕ ನಿಷೇಧವನ್ನೇ ತಡೆಯುವ ಕಾನೂನುಗಳಿಂದ ತಮಗಾದ ಅನ್ಯಾಯದ ಬಗ್ಗೆ

ಮಾನ್ಯರೇ,

2021-22ರ ಶಾಲಾ ವರ್ಷದಲ್ಲಿ ಪುಸ್ತಕಗಳ ವಿರುದ್ಧ ಬಂದ ಸಾವಿರಕ್ಕೂ ಹೆಚ್ಚು ದೂರುಗಳನ್ನು ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆ ತರಿಸಿಕೊಂಡು ನೋಡಿತು. ಅವುಗಳಲ್ಲಿ ಸುಮಾರು ಶೇ. 60ರಷ್ಟನ್ನು ಬರೆದವರು ಬರೀ ಹನ್ನೊಂದು ಜನ: ತಾವು. ಒಂದು ಕ್ರಿಕೆಟ್ ತಂಡದಷ್ಟು ಮಂದಿ ಸೇರಿ ಊರೂರಿನ ಮಕ್ಕಳು ಏನು ಓದಬಾರದೆಂದು ಹೇಳುವ ಹೊಣೆ ಹೊತ್ತಿರಿ. ನಮ್ಮ ಕಡೆಯಾಗಿದ್ದರೆ ಇಷ್ಟು ದುಡಿದವರಿಗೆ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸುತ್ತಿದ್ದೆವು.

ನಿಮಗೆ ಸಿಕ್ಕಿದ್ದೇನು? 2023ರ ಜೂನ್ 12ರಂದು ಇಲಿನಾಯ್‌ನ ಗವರ್ನರ್ ಜೆ.ಬಿ. ಪ್ರಿಟ್ಸ್‌ಕರ್ ಷಿಕಾಗೋದ ಗ್ರಂಥಾಲಯವೊಂದರಲ್ಲೇ ಕೂತು ಒಂದು ಕಾನೂನಿಗೆ ಸಹಿ ಹಾಕಿದರು. ಯಾರದೋ ಪಕ್ಷ, ಯಾರದೋ ಸಿದ್ಧಾಂತ ಒಪ್ಪುವುದಿಲ್ಲವೆಂದು ಪುಸ್ತಕ ಕಿತ್ತುಹಾಕುವುದಿಲ್ಲ ಎಂದು ಬರೆದುಕೊಡದ ಗ್ರಂಥಾಲಯಕ್ಕೆ ರಾಜ್ಯದ ಅನುದಾನವಿಲ್ಲ. ಜೈಲಿಲ್ಲ, ದಂಡವಿಲ್ಲ, ನೇರವಾಗಿ ಜೇಬಿಗೇ ಕೈ! ಅನುದಾನವೇ ಬೇಡ ಎನ್ನುವವರನ್ನು ಈ ಕಾನೂನೂ ಏನೂ ಮಾಡಲಾರದು. ಕೆಲವು ಶಾಲಾ ಜಿಲ್ಲೆಗಳು ಆ ಹಾದಿಯನ್ನೇ ಹಿಡಿದಿವೆ ಎಂಬುದಷ್ಟೇ ತಮಗೆ ಸಮಾಧಾನ.

ನ್ಯೂಜೆರ್ಸಿಯವರು ಇನ್ನೂ ಕಠಿಣ. 2024ರ ಡಿಸೆಂಬರ್‌ನಲ್ಲಿ ಅಲ್ಲಿ ಬಂದ ಕಾನೂನಿನಂತೆ ದೂರು ಕೊಡುವವರಿಗೆ ಆ ಶಾಲೆಯ, ಆ ಊರಿನ ಸಂಬಂಧವಿರಬೇಕು. ದೂರಿನ ವಿಚಾರಣೆ ಮುಗಿಯುವ ತನಕ ಪುಸ್ತಕ ಕಪಾಟಿನಲ್ಲೇ ಇರಬೇಕು. ಒಳ್ಳೆಯ ಮನಸ್ಸಿನಿಂದ ಕೆಲಸ ಮಾಡಿದ ಗ್ರಂಥಪಾಲಕರನ್ನು ಕೋರ್ಟಿಗೆಳೆಯುವ ಹಾಗೂ ಇಲ್ಲ. ಹೀಗಾದರೆ ಊರ ಉಸಾಬರಿ ಮಾಡುವವರು ಎಲ್ಲಿಗೆ ಹೋಗಬೇಕು?

ಇಷ್ಟೆಲ್ಲ ಬಿಗಿ ಏಕೆಂದು ಕೇಳಿದರೆ ಇಂಥ ಕಾನೂನುಗಳ ಪರ ಇರುವವರು ಫ್ಲಾರಿಡಾದ ಮಯಾಮಿ ಲೇಕ್ಸ್‌ನ ಶಾಲೆಯೊಂದರ ಕಡೆ ಬೊಟ್ಟು ಮಾಡಬಹುದು. ಜೋ ಬೈಡನ್ ಅಧ್ಯಕ್ಷರಾಗಿ ಅಧಿಕಾರ ಸ್ವೀಕರಿಸಿದ ದಿನ ಕವಿ ಅಮಾಂಡಾ ಗೋರ್ಮನ್ ಓದಿದ ಕವಿತೆಯ ಪುಸ್ತಕದ ಮೇಲೆ 2023ರಲ್ಲಿ ಅಲ್ಲಿ ಪೋಷಕರೊಬ್ಬರು ದೂರು ಕೊಟ್ಟರು. ದೂರಿನ ಅರ್ಜಿಯಲ್ಲಿ ಲೇಖಕರ ಹೆಸರು ಓಪ್ರಾ ವಿನ್‌ಫ್ರೀ ಎಂದಿತ್ತು! ಟಿ.ವಿ. ನಿರೂಪಕಿ ಓಪ್ರಾ ಅದಕ್ಕೆ ಬರೆದದ್ದು ಮುನ್ನುಡಿ ಮಾತ್ರ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಅಲ್ಲೂ ಇದ್ದಾರೆ. ಅರ್ಜಿ ಕೈಗೆ ಬಂದದ್ದೇ ತಡ, ಪುಸ್ತಕ ಚಿಕ್ಕ ಮಕ್ಕಳ ಕಪಾಟಿನಿಂದ ದೊಡ್ಡ ಮಕ್ಕಳ ಕಪಾಟಿಗೆ ಬಡ್ತಿ ಪಡೆಯಿತು. ಒಂದು ಅರ್ಜಿಗೆ ಇಷ್ಟು ಬೇಗ ಫಲ ಸಿಗುವ ಕಚೇರಿಯನ್ನು ನಾವಂತೂ ಕಂಡಿಲ್ಲ.

ಆದರೆ ಯೂಟಾದ ಕಥೆಯನ್ನು ದಯವಿಟ್ಟು ಸಾವಧಾನವಾಗಿ ಓದಿ. ಶಾಲೆಗಳಲ್ಲಿ ಅಶ್ಲೀಲ ಪುಸ್ತಕ ಇರಕೂಡದೆಂದು ಆ ರಾಜ್ಯ 2022ರಲ್ಲಿ ಕಾನೂನು ಮಾಡಿತು. ನಿಮ್ಮ ಕಡೆಯವರಿಗೆ ಹಬ್ಬ. ಅಷ್ಟರಲ್ಲಿ ಈ ನಿಷೇಧಗಳಿಂದ ಬೇಸತ್ತ ಪೋಷಕರೊಬ್ಬರು ಅದೇ ಕಾನೂನು ಹಿಡಿದು ಬೈಬಲ್ ಮೇಲೆ ದೂರು ಕೊಟ್ಟರು. ದೂರನ್ನು ಪರಿಶೀಲಿಸಿದ ಡೇವಿಸ್ ಶಾಲಾ ಜಿಲ್ಲೆ 2023ರಲ್ಲಿ ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳಿಂದ ಬೈಬಲ್ಲನ್ನೇ ತೆಗೆಯಿತು! ಗದ್ದಲವೆದ್ದ ಮೇಲೆ ಕೆಲವೇ ವಾರಗಳಲ್ಲಿ ಮರಳಿ ಇಟ್ಟಿತು. ನಿಮ್ಮ ಕಡೆಯವರು ಸಂಭ್ರಮಿಸಿದ ನಿಯಮಕ್ಕೆ ನಿಮ್ಮ ಮುಖದ ಗುರುತಿಲ್ಲ. ಯಾರು ಅರ್ಜಿ ಹಾಕಿದರೂ ಅದು ಅವರ ಕೆಲಸ ಮಾಡಿಕೊಡುತ್ತದೆ.

ಇಲಿನಾಯ್‌ನಂಥ ಕಾನೂನು ಯೂಟಾದಲ್ಲಿ ಇದ್ದಿದ್ದರೆ ಬೈಬಲ್ ಕಪಾಟು ಬಿಟ್ಟು ಕದಲುತ್ತಿರಲಿಲ್ಲವೇನೋ. ಬೇಡದ ಪುಸ್ತಕವನ್ನು ನಿಮ್ಮ ಮನೆಯೊಳಕ್ಕೆ ಬಿಟ್ಟುಕೊಳ್ಳದಿರುವ ನಿಮ್ಮ ಹಕ್ಕನ್ನು ಆ ಕಾನೂನು ಮುಟ್ಟುವುದಿಲ್ಲ. ಪಕ್ಕದ ಮನೆಯ ಮಗುವಿನ ಚೀಲಕ್ಕೆ ನೀವು ಕೈ ಹಾಕದಂತೆ, ನಿಮ್ಮ ಮಗುವಿನ ಚೀಲಕ್ಕೆ ಅವರು ಕೈ ಹಾಕದಂತೆ ನೋಡಿಕೊಳ್ಳುತ್ತದೆ, ಅಷ್ಟೆ.

ಆದ್ದರಿಂದ ನಿಮ್ಮ ನಿಮ್ಮ ರಾಜ್ಯಗಳಿಗೂ ಇಂಥ ಕಾನೂನು ಬೇಕೆಂದು ಮೊದಲ ಅರ್ಜಿ ತಾವೇ ಹಾಕಬೇಕೆಂದು ವಿನಂತಿ. ಅರ್ಜಿ ಬರೆಯುವುದರಲ್ಲಿ ತಮ್ಮಷ್ಟು ಪಳಗಿದವರು ಬೇರೆ ಯಾರಿದ್ದಾರೆ?

ಇತಿ ತಮ್ಮ ವಿಧೇಯ,
ಒಬ್ಬ ಕನ್ನಡ ಓದುಗ