ಒಂದು ಪೊದೆ, ಮೂರು ಪ್ರಭೇದ

ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಸ್ಯಾಂಡ್‌ಹಿಲ್ಸ್ ಎಂಬ ಮರಳುಸೀಮೆಯಿದೆ. ಮೇಲೆ ಉದ್ದ ಸೂಜಿಯೆಲೆಯ ಪೈನ್, ಕೆಳಗೆ ವೈರ್‌ಗ್ರಾಸ್ ಹುಲ್ಲು, ನಡುವೆ ಅಲ್ಲಲ್ಲಿ ಹಾಥಾರ್ನ್ ಎಂಬ ಮುಳ್ಳುಪೊದೆ. ಮಗಳ ಮನೆಯ ಸೋಫಾ ಸವೆಸುತ್ತಿದ್ದ ನನ್ನನ್ನು ಅಳಿಯ ಅಲ್ಲಿಗೆ ಕರೆದೊಯ್ದ.

"ಮುಳ್ಳು ಜೋಪಾನ ಮಾವ," ಎಂದ. ಕಾರೆ, ಕವಳೆ, ಬೋರೆಗಳ ಮಧ್ಯೆ ದನ ಕಾದು ಬೆಳೆದವನಿಗೆ ಹೇಳುವ ಮಾತೇ ಇದು! ಭೂತಗನ್ನಡಿ ಹಿಡಿದು ನೇರ ಪೊದೆಗೆ ನುಗ್ಗಿದೆ.

ಮೊದಲ ಕೊಂಬೆಯ ಎಲೆ ಚಮಚದಾಕಾರ. ಬರೆದುಕೊಂಡೆ. ಆಚೆ ಕೊಂಬೆಯದು ಅಗಲ, ಅಂಚು ತುಸು ಸೀಳು. ಅದು ಬೇರೆ ಪ್ರಭೇದ. ತುದಿಯ ಹೊಸ ಚಿಗುರಿನಲ್ಲಿ ಇನ್ನೂ ದೊಡ್ಡ ಎಲೆ ಕಂಡಾಗಲಂತೂ ಎದೆ ಹಾರಿತು. ಇದು ಯಾರೂ ಕಾಣದ್ದೇ ಇರಬೇಕು! ಲ್ಯಾಟಿನ್ ಹೆಸರಿನ ಬಾಲಕ್ಕೆ ನಮ್ಮ ಮನೆತನದ ಹೆಸರು ಹೊಂದುತ್ತದೆಯೇ ಎಂದು ಮೆಲ್ಲಗೆ ಉಚ್ಚರಿಸಿಯೂ ನೋಡಿದೆ.

"ತಾತ, ಮೂರೂ ಒಂದೇ ಗಿಡದ್ದಲ್ವಾ?" ಎಂದಳು ಮೊಮ್ಮಗಳು.

ಬಗ್ಗಿ ಬುಡದ ಮರಳು ಕೆದಕಿದೆ. ಮೂರೂ ಕಾಂಡ ಒಂದೇ ಬುಡದಿಂದ ಎದ್ದಿದ್ದವು. ಅವಮಾನದಿಂದ ಸರ್ರನೆ ಹಿಂದೆ ಸರಿದೆನಲ್ಲ, ಅಲ್ಲೇ ಕೆಟ್ಟಿತು. ಈ ಮುಳ್ಳು ಸಿಪ್ಪೆಯ ಮೇಲಿನ ಚುಚ್ಚಲ್ಲ, ಗಿಡದ ಕೊಂಬೆಯೇ ಮುಳ್ಳಾಗಿರುವುದು; ನೆಟ್ಟಗೆ, ಸಣ್ಣಗೆ, ಬೆರಳುದ್ದ. ಎಲ್ಲಿ ನೆಟ್ಟಿತೆಂದು ಇಲ್ಲಿ ಬರೆಯುವಂತಿಲ್ಲ. ವಾಪಸು ಬರುವಾಗ ಕಾರಿನಲ್ಲಿ ಒಂದೇ ಮಗ್ಗುಲಿಗೆ ಕೂತಿದ್ದೆ ಎಂದರೆ ಸಾಕು.

ಸಮಾಧಾನವೆಂದರೆ ಸಂಗಡ ದೊಡ್ಡವರಿದ್ದಾರೆ. ಹಾರ್ವರ್ಡ್‌ನ ಅರ್ನಾಲ್ಡ್ ಅರ್ಬೊರೀಟಮ್‌ನ ಮೊದಲ ನಿರ್ದೇಶಕ ಚಾರ್ಲ್ಸ್ ಸಾರ್ಜೆಂಟ್ 20ನೇ ಶತಮಾನದ ಆರಂಭದಲ್ಲಿ ಈ ಒಂದೇ ಕುಲದಲ್ಲಿ 700ಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರಿಟ್ಟರು. ಬಹುಪಾಲನ್ನು ಈಗಿನವರು ಒಪ್ಪುವುದಿಲ್ಲ. ತಪ್ಪು ಗಿಡದ್ದೇ ಅನ್ನಿ. ಸಿಕ್ಕವರೊಡನೆ ಬೆರೆತು ಅಡ್ಡತಳಿ ಹುಟ್ಟಿಸುತ್ತದೆ. ಎಷ್ಟೋ ಹಾಥಾರ್ನ್‌ಗಳು ಅಂಡ ಫಲಿತವಾಗದೆಯೂ ಬೀಜ ಕಟ್ಟಿ, ತಾಯಿಯ ತದ್ರೂಪನ್ನೇ ಊರೆಲ್ಲ ಹಂಚುತ್ತವೆ. ಸಣ್ಣದೊಂದು ವ್ಯತ್ಯಾಸವೂ ಹಾಗೆ ವಂಶವಾಗಿ ಬೆಳೆಯುತ್ತದೆ. ಸಾರ್ಜೆಂಟರಿಗೆ ಮುಳ್ಳು ಎಲ್ಲಿ ನೆಟ್ಟಿತ್ತೋ!

ಅಳಿಯ ಮಾತ್ರ ಎಲೆ ಬಿಟ್ಟು ಹಣ್ಣು ನೋಡಿದ್ದ. ಬೇರೆ ಹಾಥಾರ್ನ್‌ಗಳಲ್ಲಿ ಗೊಂಚಲು; ಇದರಲ್ಲಿ ಒಂಟಿ ಹಣ್ಣು, ಅದರ ತಲೆಯ ಮೇಲೆ ಎಲೆಯಂಥ ಹಲ್ಲಂಚಿನ ಪುಷ್ಪಪತ್ರಗಳು ಹಾಗೇ ಉಳಿದಿದ್ದವು. ಕ್ರಟೀಗಸ್ ಯೂನಿಫ್ಲೋರಾ, ಎಂದು ಕಾರಿನಲ್ಲಿ ಕೂತಾಗ ಫೋನಿನಲ್ಲಿ ತೋರಿಸಿದ.

"ಹೂ ಸಾಮಾನ್ಯವಾಗಿ ಒಂದೊಂದೇ ಬಿಡುತ್ತಂತೆ ಮಾವ."

"ಮುಳ್ಳೂ ಒಂದೊಂದೇನಾ?" ಹಿಂದಿನ ಸೀಟಿನಿಂದ ಮಗಳು ಕೇಳಿದಳು.

"ಅದನ್ನ ನಿಮ್ಮಪ್ಪನ್ನೇ ಕೇಳು," ಎಂದ.