ಹದಿನಾಲ್ಕನೆಯ ಕರಡಿನೊಂದಿಗೆ ಹತ್ತು ನಿಮಿಷ

ಡಿಸೆಂಬರ್ ಕೊನೆಯ ವಾರ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಮುಕಿಲ್ಟಿಯೊದಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು, ಹೊರಗೆ ಜಿಟಿಜಿಟಿ ಮಳೆ. ಕನ್ನಡಿಗರ ಮನೆಯೊಂದರ ಊಟದ ಮೇಜಿನ ಮೇಲೆ ತೆರೆದಿಟ್ಟ ಲ್ಯಾಪ್‌ಟಾಪ್, ಆರಿದ ಕಾಫಿ, ಅರ್ಧ ಕಡಿದ ಚಕ್ಕುಲಿ. ಹನ್ನೆರಡನೇ ತರಗತಿಯ ಮಗಳು ಸೋಫಾದ ಮೇಲೆ ಹಾಗೇ ನಿದ್ದೆ ಹೋಗಿದ್ದಾಳೆ. ಹಲವು ಕಾಲೇಜುಗಳಿಗೆ ಒಟ್ಟಿಗೆ ಸಲ್ಲಿಸುವ ಅವಳ ಕಾಮನ್ ಆ್ಯಪ್ ಅರ್ಜಿಯ ಪ್ರಬಂಧ, ಅಂದರೆ ಅದರ ಹದಿನಾಲ್ಕನೆಯ ಕರಡು, ಎಚ್ಚರವಾಗಿತ್ತು. ಮೆಲ್ಲಗೆ ಮಾತಿಗೆಳೆದೆವು.

ಹೇಗಿದ್ದೀರಿ?

650 ಪದ ಇದ್ದೇನೆ. 651 ಆದರೆ ಒಳಗೇ ಬಿಡುವುದಿಲ್ಲ. ನಿನ್ನೆ ತಾನೇ ಸೊಂಟದ ಹತ್ತಿರ ಎರಡು ವಿಶೇಷಣ ಕತ್ತರಿಸಿದರು. ನಿಮಗೆಷ್ಟು ಜಾಗ?

ಸಂಪಾದಕರು ಐನೂರು ಎಂದಿದ್ದಾರೆ.

ಪಾಪ. ಆದರೂ ಪುಣ್ಯವಂತರು, ತಿದ್ದುವವರು ಒಬ್ಬರೇ. ನನಗೆ ಅಪ್ಪ, ಅಮ್ಮ, ಶಾಲೆಯ ಕೌನ್ಸೆಲರ್, ಮೇಲೆ ಕನ್ನಡ ಕೂಟದ ಒಬ್ಬ ಅಂಕಲ್. ಅವರ ಮಗನಿಗೆ ಐವಿ ಲೀಗ್ ಸಿಕ್ಕಿದೆಯಂತೆ, ಹಾಗಾಗಿ ಅವರದು ವೇದವಾಕ್ಯ. ಮೊದಲ ಕರಡಿನಲ್ಲಿ ನಾನು ರೋಬಾಟಿಕ್ಸ್. ಮೂರರಲ್ಲಿ ಭರತನಾಟ್ಯ. ಐದರಲ್ಲಿ ಹಾಸನದ ಅಜ್ಜಿ ಕಾಯಿಲೆ ಬಿದ್ದರು. ಅಂಕಲ್ "ದುಃಖ ಜಾಸ್ತಿಯಾಯ್ತು" ಎಂದ ಮೇಲೆ ಏಳರಲ್ಲಿ ಗುಣವಾದರು. ನಿಜವಾದ ಅಜ್ಜಿ ದಿನಾ ವಾಟ್ಸ್‌ಆ್ಯಪ್‌ನಲ್ಲಿ ಗುಂಡುಕಲ್ಲಿನಂತಿದ್ದಾರೆ.

ಇಷ್ಟೊಂದು ಪರದಾಟ ಯಾಕೆ?

ಹಾರ್ವರ್ಡ್ ನೂರು ಅರ್ಜಿ ಬಂದರೆ ನಾಲ್ಕರ ಆಸುಪಾಸಿಗೆ ಹೂಂ ಅನ್ನುತ್ತದೆ. ಅಂಕ ಎಲ್ಲರದ್ದೂ ಚೆನ್ನಾಗಿರುತ್ತದೆ. ಅದಕ್ಕೇ ನನ್ನನ್ನು ಕೇಳುತ್ತಾರೆ: ಈ ಮಗು ಯಾರು? ಆದರೆ ಅರ್ಜಿಯಲ್ಲಿ ಪೌರತ್ವದ ಪೆಟ್ಟಿಗೆ ಅಂತೊಂದಿದೆ. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅದು ಒಂದೇ ಪದದಲ್ಲಿ ಹೇಳಿ ಮುಗಿಸಿರುತ್ತದೆ: ಅಂತರರಾಷ್ಟ್ರೀಯ.

ಹುಡುಗಿ ಬೆಳೆದದ್ದು ಭಾರತದಲ್ಲೇ?

ಎರಡು ವರ್ಷದವಳಿದ್ದಾಗ ಬಂದದ್ದು. ಕಿಂಡರ್‌ಗಾರ್ಟನ್ ಇಲ್ಲಿ, ಹೈಸ್ಕೂಲ್ ಇಲ್ಲಿ. ಅಪ್ಪನದು ಕೆಲಸದ ವೀಸಾ, ಎಚ್-1ಬಿ; ಇವಳದು ಅದಕ್ಕೆ ಜೋತುಬಿದ್ದ ಎಚ್-4. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತಿದ್ದಾರೆ. ಒಂದು ದೇಶಕ್ಕೆ ಹೆಚ್ಚೆಂದರೆ ನೂರಕ್ಕೆ ಏಳು ಪಾಲು. ಭಾರತಕ್ಕೂ ಏಳು, ಐಸ್‌ಲ್ಯಾಂಡಿಗೂ ಏಳು. ಸಾಲು ಆಮೆಯಂತೆ ತೆವಳಿತು, ಹುಡುಗಿ ಕಾಯದೆ ಬೆಳೆದುಬಿಟ್ಟಳು. 21 ತುಂಬಿದರೆ ಎಚ್-4 ಕೂಡ ಕೈಬಿಡುತ್ತದೆ.

ಅಂತರರಾಷ್ಟ್ರೀಯ ಅಂದರೆ ಗೌರವವೇ ಅಲ್ಲವೇ?

ವಿಮಾನ ನಿಲ್ದಾಣಕ್ಕೆ ಗೌರವ. ಇವಳಿಗೆ ಫೆಡರಲ್ ಸರ್ಕಾರದ ಧನಸಹಾಯ ಇಲ್ಲ ಎಂದರ್ಥ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್‌ನಂಥ ಬೆರಳೆಣಿಕೆಯ ಕಡೆ ಹೊರದೇಶದವರ ಅರ್ಜಿಯನ್ನೂ ಜೇಬು ನೋಡದೆ ಓದುತ್ತಾರೆ. ಮಿಕ್ಕ ಬಹುತೇಕ ಕಡೆ, ನಾನೆಷ್ಟೇ ಕಣ್ಣೀರು ಹಾಕಿಸಿದರೂ, ಅದನ್ನು ಒರೆಸಿಕೊಂಡು "ಅಪ್ಪ ಎಷ್ಟು ಕಟ್ಟುತ್ತಾರೆ?" ಎನ್ನುತ್ತಾರೆ.

ಸೀಟು ಸಿಕ್ಕಿತು ಅಂದುಕೊಳ್ಳಿ. ಆಮೇಲೆ ನೆಮ್ಮದಿ ತಾನೇ?

ಆಮೇಲೆ, 21 ತುಂಬುವಷ್ಟರಲ್ಲಿ, ವಿದ್ಯಾರ್ಥಿಗಳ ಎಫ್-1 ವೀಸಾ. ನನ್ನೊಳಗೆ "ಮುಕಿಲ್ಟಿಯೊ ನನ್ನೂರು" ಎಂದು ಬರೆದವಳೇ ಅಲ್ಲಿ "ನನ್ನ ಮನೆ ಹೊರದೇಶದಲ್ಲಿದೆ, ಅದನ್ನು ಬಿಡುವ ಇರಾದೆ ಇಲ್ಲ" ಎಂದು ನಂಬಿಸಬೇಕು. ಹಾಸನದ ಮನೆಗೆ ಹೋದರೆ ಬಚ್ಚಲು ಎಲ್ಲಿದೆ ಎಂದು ಕೇಳುವ ಹುಡುಗಿ!

ಒಂದು ಕಾಗದಕ್ಕೆ ಇಷ್ಟು ಶಕ್ತಿಯೇ?

ಮುಕಿಲ್ಟಿಯೊದ ಈ ದಡವನ್ನೇ ಕೇಳಿ. 1855ರ ಜನವರಿ 22ರಂದು ಪಾಯಿಂಟ್ ಎಲಿಯಟ್ ಒಪ್ಪಂದಕ್ಕೆ ಸಹಿ ಬಿದ್ದದ್ದು ಇಲ್ಲೇ. ತಲತಲಾಂತರದಿಂದ ಇಲ್ಲಿದ್ದ ಮೂಲನಿವಾಸಿಗಳು ನೆಲ ಬಿಟ್ಟುಕೊಟ್ಟರು. ಬರಹ ಇಂಗ್ಲಿಷಿನದು, ಅವರ ಮುಖಂಡರು ಹಾಕಿದ್ದು ಗುಣಾಕಾರದ ಗುರುತು. ಇವಳು ಪೌರತ್ವದ ಪೆಟ್ಟಿಗೆಯಲ್ಲಿ ಹಾಕಿದ್ದು ಒಂದು ಟಿಕ್ಕು.

ಅದಿರಲಿ, ಹದಿನಾಲ್ಕರಲ್ಲಿ ನೀವು ಏನು?

(ದನಿ ತಗ್ಗಿಸಿ) ಫೆರ್ರಿ. ಹೋದ ಬೇಸಿಗೆಯಲ್ಲಿ ಅಜ್ಜಿ ಬಂದಿದ್ದರು, ಕಾಯಿಲೆ ಬೀಳದ ಅಜ್ಜಿ. 1906ರ ದೀಪಸ್ತಂಭದ ಪಕ್ಕದ ಬೆಂಚಿನಲ್ಲಿ ಕೂತು, ವಿಡ್ಬಿ ದ್ವೀಪದ ಕ್ಲಿಂಟನ್‌ಗೆ ಹೋಗಿಬರುವ ಹಡಗನ್ನೇ ನೋಡುತ್ತಿದ್ದರು. ಇಪ್ಪತ್ತು ನಿಮಿಷದ ದಾರಿ. "ಇದು ತಿರುಗೋದೇ ಇಲ್ವಲ್ಲೇ, ಮುಂದು ಯಾವ್ದು, ಹಿಂದು ಯಾವ್ದು?" ಅಂದರು. "ಎರಡೂ ಕಡೆ ಒಂದೇ ಥರ ಕಟ್ಟಿದ್ದಾರೆ ಅಜ್ಜಿ, ಯಾವ ಕಡೆ ಹೊರಡ್ತೋ ಅದೇ ಮುಂದು" ಅಂದಳು ಇವಳು. ಅಜ್ಜಿ ತುಸು ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಇದರ ಊರು ಯಾವ್ದು?" ಎಂದು ಕೇಳಿದರು. ಹುಡುಗಿಗೆ ಉತ್ತರ ಹೊಳೆಯಲಿಲ್ಲ. ಹೊಳೆಯಲಿಲ್ಲ ಎಂದೇ ಬರೆದಿದ್ದಾಳೆ.

ಚೆನ್ನಾಗಿದೆಯಲ್ಲ! ಇದನ್ನೇ ಕಳಿಸುತ್ತಾಳಾ?

ಶ್! ಹೊರಗೆ ಕಾರು ನಿಂತ ಸದ್ದು. ಅಂಕಲ್ ಇರಬೇಕು. ದಯವಿಟ್ಟು ನನ್ನನ್ನು ಮುಚ್ಚಿ.

ಮುಚ್ಚಿದೆವು.